ಡಬ್ಬಿ ಮೊದಲೋ, ಹೊಟ್ಟೆನೋವು ಮೊದಲೋ?

ಪ್ರಶ್ನೆ: ನನಗೆ 31 ವರ್ಷ. ಊರು ಹಾಸನ, ಕೆಲಸ ಬೆಂಗಳೂರಿನಲ್ಲಿ. ನನ್ನ ತಮ್ಮನಿಗೆ ಹೋದ ವರ್ಷ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇದೆ ಎಂದು ಗೊತ್ತಾಯಿತು. ಅದಕ್ಕೂ ಮೊದಲು ಕರುಳಿನ ಟಿಬಿ ಇರಬಹುದೆಂದು ಆರು ತಿಂಗಳು ಟಿಬಿ ಮಾತ್ರೆ ನುಂಗಿದ್ದ. ಒಡಹುಟ್ಟಿದವರಿಗೂ ಬರಬಹುದು ಎಂದು ಓದಿದ ಮೇಲೆ ನಾನು ವಿಟಮಿನ್ ಡಿ, ಮೀನೆಣ್ಣೆ ಕ್ಯಾಪ್ಸೂಲ್, ಪ್ರೋಬಯಾಟಿಕ್, ಕಾಳುಮೆಣಸಿನ ಸತ್ವ ಸೇರಿಸಿದ ಅರಿಶಿನದ ಮಾತ್ರೆ ಶುರು ಮಾಡಿದೆ. ಜಿಮ್‌ಗೆ ಹೋಗುವುದರಿಂದ ಪ್ರೋಟೀನ್ ಪೌಡರ್ ಕೂಡ ಇದೆ. ಎಲ್ಲಾ ಸೇರಿ ತಿಂಗಳಿಗೆ ನಾಲ್ಕು ಸಾವಿರ ಆಗುತ್ತಿದೆ. ಇವು ಐಬಿಡಿ, ಅಂದರೆ ಕ್ರೋನ್ಸ್‌ನಂಥ ಕರುಳಿನ ಉರಿಯೂತದ ಕಾಯಿಲೆ, ಬರದಂತೆ ತಡೆಯುತ್ತವೆಯೇ? ಇವುಗಳಿಂದಲೇ ಅದು ಬರುತ್ತದೆ ಅಂತ ಗೆಳತಿಯೊಬ್ಬಳು ಹೆದರಿಸುತ್ತಿದ್ದಾಳೆ. ಇನ್ನೊಂದು ವಿಷಯ: ಅಮ್ಮ ತಮ್ಮನಿಗೆ ದಿನಾ ರಾತ್ರಿ ಇಸಬ್‌ಗೋಲ್ ಕೊಡುತ್ತಾರೆ. ಕೊಡಬಹುದಾ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಯಾಕೆಂದರೆ ಅದು ಇವತ್ತು ರಾತ್ರಿಯ ವಿಷಯ.

ಕ್ರೋನ್ಸ್ ಇರುವ ಕೆಲವರಲ್ಲಿ ಕರುಳಿನ ಗಾಯ ಮಾಗುತ್ತಾ ಮಾಗುತ್ತಾ ಆ ಜಾಗ ಕಿರಿದಾಗಿಬಿಟ್ಟಿರುತ್ತದೆ. ಇಸಬ್‌ಗೋಲ್ ನೀರು ಕುಡಿದು ಉಬ್ಬುವ ವಸ್ತು. ಎರಡು ಚಮಚ ಅರ್ಧ ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ, ಗಟ್ಟಿ ಲೋಳೆ ಆಗಿರುತ್ತದೆ. ಕಿರಿದಾದ ಕರುಳಿನಲ್ಲಿ ಆ ಲೋಳೆ ಸಿಕ್ಕಿಕೊಂಡರೆ ಕರುಳು ಕಟ್ಟಿಕೊಳ್ಳಬಹುದು. ಹಾಗಾದರೆ ಹೊಟ್ಟೆ ಉಬ್ಬರ, ವಾಂತಿ, ಕೊನೆಗೆ ಎಮರ್ಜೆನ್ಸಿ. ತಮ್ಮನ ಸ್ಕ್ಯಾನ್ ರಿಪೋರ್ಟ್ ತೆಗೆದು ಅದರಲ್ಲಿ 'ಸ್ಟ್ರಿಕ್ಚರ್' (ಹೀಗೆ ಕಿರಿದಾದ ಜಾಗ) ಎಂಬ ಪದ ಇದೆಯಾ ನೋಡಿ. ಇರಲಿ ಇಲ್ಲದಿರಲಿ, ಅವರ ಡಾಕ್ಟರನ್ನು ಕೇಳುವ ತನಕ ಇಸಬ್‌ಗೋಲ್ ಬೇಡ. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ. ಅವರು ಮಾಡಿದ್ದು ಪೂರಾ ತಪ್ಪೇನಲ್ಲ. ದೊಡ್ಡ ಕರುಳಿಗೆ ಮಾತ್ರ ಬರುವ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ, ಕಾಯಿಲೆ ತಣ್ಣಗಿರುವಾಗ, ಇದೇ ಗಿಡದ ಬೀಜ ಕೆಲಸಕ್ಕೆ ಬಂದದ್ದೂ ಇದೆ. ಸ್ಪೇನ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಾಯಿಲೆ ಮರುಕಳಿಸದಂತೆ ನೋಡಿಕೊಳ್ಳುವುದರಲ್ಲಿ ಅದು ಕೊಲೈಟಿಸ್‌ಗೆ ಕೊಡುವ ಮೆಸಲಮಿನ್ ಮಾತ್ರೆಗೆ ಹೆಚ್ಚುಕಮ್ಮಿ ಸಮನಾಗಿತ್ತು. ಪದಾರ್ಥ ಅದೇ, ಕರುಳು ಬೇರೆ, ಫಲ ಬೇರೆ. ಐಬಿಡಿ ಅಂದರೆ ಒಂದೇ ಕಾಯಿಲೆ ಅಲ್ಲ, ಕ್ರೋನ್ಸ್ ಮತ್ತು ಕೊಲೈಟಿಸ್ ಎರಡಕ್ಕೂ ಸೇರಿಸಿ ಇಟ್ಟ ಹೆಸರು ಅನ್ನೋದನ್ನು ಮುಂದೆ ಓದುವಾಗಲೂ ನೆನಪಿಟ್ಟುಕೊಳ್ಳಿ.

ಟಿಬಿ ಮಾತ್ರೆ ವಿಷಯಕ್ಕೂ ಒಂದು ಮಾತು. ನಮ್ಮ ದೇಶದಲ್ಲಿ ಈ ಗೊಂದಲ ಮಾಮೂಲು. ಎರಡೂ ಕಾಯಿಲೆ ಸಣ್ಣ ಕರುಳಿನ ತುದಿಯನ್ನೇ ಹೆಚ್ಚಾಗಿ ಹಿಡಿಯುತ್ತವೆ. ಕರುಳಿನೊಳಗೆ ಬಿಟ್ಟು ನೋಡುವ ಕ್ಯಾಮೆರಾದಲ್ಲೂ ಒಂದೇ ಥರ ಕಾಣಿಸುತ್ತವೆ. ಟಿಬಿ ಇದ್ದವರಿಗೆ ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಕೊಟ್ಟರೆ ಅನಾಹುತ. ಹಾಗಾಗಿ ಅನುಮಾನ ಇದ್ದಾಗ ಟಿಬಿಗೇ ಮೊದಲು ಔಷಧಿ ಕೊಡುತ್ತಾರೆ. ಅದನ್ನು ಯಾರದೋ ತಪ್ಪು ಅಂದುಕೊಳ್ಳಬೇಡಿ.

ಈಗ ನಿಮ್ಮ ಡಬ್ಬಿಗಳಿಗೆ ಬರೋಣ.

ಮೊದಲು ನಿಮ್ಮ ಭಯ ಎಷ್ಟು ದೊಡ್ಡದು ಅಂತ ನೋಡಬೇಕು. ಒಡಹುಟ್ಟಿದವರಿಗೆ ಕ್ರೋನ್ಸ್ ಇದ್ದರೆ ನಿಮಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ, ಅದು ನಿಜ. ಆದರೆ ತೀರಾ ಚಿಕ್ಕ ಸಂಖ್ಯೆಯನ್ನು ಹಲವು ಪಟ್ಟು ಮಾಡಿದರೂ ಚಿಕ್ಕದೇ ಉಳಿಯುತ್ತದೆ. ನಿಮ್ಮಂಥ ನೂರು ಅಕ್ಕಂದಿರನ್ನು ಸಾಲಾಗಿ ನಿಲ್ಲಿಸಿದರೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಈ ಕಾಯಿಲೆ ಜೀವಮಾನದಲ್ಲೇ ಬರುವುದಿಲ್ಲ. ಅಂಗಡಿಯವರು ಮಾರುವುದು 'ಹಲವು ಪಟ್ಟು' ಅನ್ನುವ ಮಾತನ್ನು. ಈ ತೊಂಬತ್ತನ್ನು ಯಾರೂ ಹೇಳುವುದಿಲ್ಲ.

ಇನ್ನು ಗೆಳತಿಯ ಮಾತು. ಐಬಿಡಿ ಬಂದವರನ್ನು ಕೂರಿಸಿಕೊಂಡು 'ಮುಂಚೆ ಏನೇನು ತಗೊಳ್ತಿದ್ರಿ?' ಅಂತ ಕೇಳಿದರೆ, ಪ್ರೋಬಯಾಟಿಕ್, ಕಬ್ಬಿಣದ ಮಾತ್ರೆ, ಜೀರ್ಣದ ಪುಡಿ, ಅಲೋವೆರಾ ಜ್ಯೂಸ್ ಎಲ್ಲಾ ಹೊರಗೆ ಬರುತ್ತವೆ. ನೋಡಿದವರಿಗೆ ಇವುಗಳಿಂದಲೇ ಬಂತು ಅನ್ನಿಸುವುದು ಸಹಜ. ಆದರೆ ಡೆನ್ಮಾರ್ಕ್‌ನ ಸಂಶೋಧಕರು 2023ರಲ್ಲಿ ಒಂದು ಕುತೂಹಲದ ಸಂಗತಿ ಪ್ರಕಟಿಸಿದರು. ಅಲ್ಲಿ ಜನರ ಹಳೆಯ ಲ್ಯಾಬ್ ರಿಪೋರ್ಟುಗಳೆಲ್ಲ ಸರ್ಕಾರಿ ದಾಖಲೆಯಲ್ಲಿ ಉಳಿದಿರುತ್ತವೆ. ಅವನ್ನು ಹಿಂದಕ್ಕೆ ಹಿಂದಕ್ಕೆ ತಿರುವಿ ನೋಡಿದರೆ, ಕ್ರೋನ್ಸ್ ಎಂದು ಗೊತ್ತಾಗುವ 8 ವರ್ಷ ಮೊದಲೇ, ಕೊಲೈಟಿಸ್ ಎಂದು ಗೊತ್ತಾಗುವ 3 ವರ್ಷ ಮೊದಲೇ ರಕ್ತದ ಲೆಕ್ಕಗಳು ಸಣ್ಣಗೆ ಏರುಪೇರಾಗಿದ್ದವು. ಅಂದರೆ ಕಾಯಿಲೆಗೆ ಹೆಸರು ಬೀಳುವ ಎಷ್ಟೋ ಮುಂಚೆ ಹೊಟ್ಟೆ ಕೆಟ್ಟಿರುತ್ತದೆ. ಮನುಷ್ಯ ಸುಮ್ಮನೆ ಕೂರುತ್ತಾನಾ? ಸುಸ್ತಿಗೆ ಒಂದು ಡಬ್ಬಿ, ಗ್ಯಾಸಿಗೆ ಒಂದು ಡಬ್ಬಿ, ರಕ್ತ ಕಮ್ಮಿ ಅಂತ ಇನ್ನೊಂದು. ಹೊಟ್ಟೆನೋವು ಮೊದಲು ಬಂದಿರುತ್ತದೆ, ಡಬ್ಬಿ ಆಮೇಲೆ. ನಿಮ್ಮ ಗೆಳತಿಯ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ.

ಇದೇ ಕತ್ತಿ ಇನ್ನೊಂದು ಕಡೆಗೂ ಹರಿತ. 'ಇಂಥ ವಿಟಮಿನ್ ತಗೊಂಡವರಿಗೆ ಕಾಯಿಲೆ ಕಮ್ಮಿ' ಎಂದು ಬರುವ ಸುದ್ದಿಯಲ್ಲೂ ಇಂಥದ್ದೇ ಮೋಸ ಇರುತ್ತದೆ. ವಿಟಮಿನ್‌ಗೆ ದುಡ್ಡು ಹಾಕುವವರು ಸಾಮಾನ್ಯವಾಗಿ ಸಿಗರೇಟ್ ಸೇದುವುದು ಕಮ್ಮಿ, ವಾಕಿಂಗ್ ಹೋಗುವುದು ಜಾಸ್ತಿ, ಹಣ್ಣು ತಿನ್ನುವುದೂ ಜಾಸ್ತಿ. ಅವರಿಗೆ ಕಾಯಿಲೆ ಕಮ್ಮಿ ಆಗಿದ್ದು ಮಾತ್ರೆಯಿಂದಲೋ, ಬಾಳೆಹಣ್ಣಿನಿಂದಲೋ ಹೇಳುವುದು ಕಷ್ಟ.

ಇಷ್ಟು ಹೇಳಿದ ಮೇಲೂ, ನಿಮ್ಮ ಪಟ್ಟಿಯಲ್ಲಿ ನಾನು ಒಂದಿಷ್ಟು ಮರ್ಯಾದೆ ಕೊಡುವುದು ವಿಟಮಿನ್ ಡಿಗೆ. ಅಮೆರಿಕದ ಸುಮಾರು 72 ಸಾವಿರ ನರ್ಸ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಬಂತು. ವಿಟಮಿನ್ ಡಿ ಮಟ್ಟ ಹೆಚ್ಚಿರಬಹುದಾದವರಲ್ಲಿ ಕ್ರೋನ್ಸ್ ಹೆಚ್ಚುಕಮ್ಮಿ ಅರ್ಧದಷ್ಟಿತ್ತು. 'ಹೆಚ್ಚಿರಬಹುದಾದವರು' ಎಂದು ಬೇಕೆಂದೇ ಬರೆದೆ. ಎಲ್ಲರ ರಕ್ತವನ್ನೂ ಅಳೆದು ನೋಡಿರಲಿಲ್ಲ. ಊಟ, ಬಿಸಿಲು, ತೂಕ ಇವುಗಳಿಂದ ಲೆಕ್ಕ ಹಾಕಿದ್ದರು. ಮಾತ್ರೆಯನ್ನೇ ಕೊಟ್ಟು ನೋಡಿದ ದೊಡ್ಡ ಪ್ರಯೋಗ ಅಂದರೆ ವೈಟಲ್. 25,871 ಜನ, ಎಲ್ಲರೂ 50 ದಾಟಿದವರು. ಅರ್ಧ ಜನಕ್ಕೆ ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ, ಉಳಿದರ್ಧಕ್ಕೆ ಔಷಧಿ ಇಲ್ಲದ ಹುಸಿ ಮಾತ್ರೆ, ಐದು ವರ್ಷಕ್ಕೂ ಮೇಲೆ. ದೇಹದ ಕಾವಲುಪಡೆ ತನ್ನ ಮೇಲೇ ತಿರುಗಿ ಬೀಳುವ ಕಾಯಿಲೆಗಳು ಮಾತ್ರೆ ನುಂಗಿದವರಲ್ಲಿ ನೂರಕ್ಕೆ 22ರಷ್ಟು ಕಡಿಮೆ ಎಂದು 2022ರಲ್ಲಿ ಫಲಿತಾಂಶ ಬಂತು. ಪತ್ರಿಕೆಗಳಿಗೆ ಹಬ್ಬ. ಒಳಗಿನ ಸಂಖ್ಯೆ ನೋಡಿ: ಮಾತ್ರೆ ನುಂಗಿದವರಲ್ಲಿ 123 ಜನಕ್ಕೆ ಕಾಯಿಲೆ, ಹುಸಿ ಮಾತ್ರೆಯವರಲ್ಲಿ 155. ಒಂದೊಂದು ಗುಂಪಿನಲ್ಲೂ ಸುಮಾರು 13 ಸಾವಿರ ಜನ, ವ್ಯತ್ಯಾಸ 32. ಅದರಲ್ಲೂ ಕೀಲುವಾತ, ಸೋರಿಯಾಸಿಸ್‌ನಂಥವೇ ಮುಖ್ಯ. ಕರುಳಿನ ಬಗ್ಗೆ ಬೇರೆಯಾಗಿ ಹೇಳುವಷ್ಟು ಜನ ಅದರಲ್ಲಿರಲಿಲ್ಲ.

ಹಾಗಾಗಿ ನಿಮಗೆ ಹೇಳುವುದಿಷ್ಟು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಕಮ್ಮಿ ಇದ್ದರೆ ತಗೊಳ್ಳಿ, ಮೂಳೆಗಂತೂ ಒಳ್ಳೆಯದು. ಬೆಂಗಳೂರಿನಲ್ಲಿ ಬೆಳಗ್ಗೆ ಕ್ಯಾಬ್ ಹತ್ತಿ ಸಂಜೆ ಕ್ಯಾಬ್ ಇಳಿಯುವವರಿಗೆ ಕಮ್ಮಿ ಇರುವುದೇ ಹೆಚ್ಚು. ಆದರೆ ಲೆಕ್ಕ ತಪ್ಪಬೇಡಿ. ನಮ್ಮಲ್ಲಿ ಎಲ್ಲರೂ ನುಂಗುವುದು 60,000 ಐಯು, ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ದಿನದ ಲೆಕ್ಕಕ್ಕೆ ಅದೇ 8,500 ದಾಟುತ್ತದೆ. ಅದರ ಜೊತೆ ಮಲ್ಟಿವಿಟಮಿನ್‌ನಲ್ಲೂ ಡಿ, ಕ್ಯಾಲ್ಸಿಯಂ ಮಾತ್ರೆಯಲ್ಲೂ ಡಿ ಇರುತ್ತದೆ. ಡಾಕ್ಟರು ನೋಡಿಕೊಳ್ಳದೆ ದೊಡ್ಡವರು ದೀರ್ಘಕಾಲ ದಿನಕ್ಕೆ 4,000 ಮೀರಬಾರದು ಅನ್ನುವುದು ಸಾಮಾನ್ಯ ಮಿತಿ. ಎಂಟು ವಾರದ ಚೀಟಿಯನ್ನು ಮೆಡಿಕಲ್ಸ್‌ನಲ್ಲಿ ಎರಡು ವರ್ಷ ತೋರಿಸುತ್ತಲೇ ಇರುವವರಿದ್ದಾರೆ. ವಾರಕ್ಕೊಂದನ್ನು ದಿನಕ್ಕೊಂದು ಅಂತ ನುಂಗಿದವರೂ ಇದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆ, ಕೊನೆಗೆ ಕಿಡ್ನಿಗೆ ಪೆಟ್ಟು. ಹೊಟ್ಟೆ ಉಳಿಸಲು ಹೋಗಿ ಹೊಟ್ಟೆಯನ್ನೇ ಕೆಡಿಸಿಕೊಂಡ ಹಾಗೆ.

ಮೀನೆಣ್ಣೆ ವಿಷಯ ಬೇಗ ಮುಗಿಸಬಹುದು. ಕ್ರೋನ್ಸ್ ತಣ್ಣಗಾದವರಿಗೆ ದಿನಕ್ಕೆ 4 ಗ್ರಾಂ ಒಮೆಗಾ-3, ಅಂದರೆ ಮೀನೆಣ್ಣೆಯಲ್ಲಿರುವ ಕೊಬ್ಬು, ಕೊಟ್ಟು ವರ್ಷದ ಮೇಲೆ ನೋಡಿದ ಎರಡು ಪ್ರಯೋಗಗಳು 2008ರಲ್ಲಿ ಪ್ರಕಟವಾದವು. ಒಂದರಲ್ಲಿ ಮೀನೆಣ್ಣೆಯವರಲ್ಲಿ ನೂರಕ್ಕೆ 32 ಜನಕ್ಕೆ ಕಾಯಿಲೆ ಮರುಕಳಿಸಿತು, ಹುಸಿ ಮಾತ್ರೆಯವರಲ್ಲಿ 36. ಇನ್ನೊಂದರಲ್ಲಿ 48, 49. ಅಷ್ಟೇ. ಕಾಯಿಲೆ ಇದ್ದವರಿಗೇ ಉಪಯೋಗವಾಗದ್ದನ್ನು ಇಲ್ಲದವರು ಯಾಕೆ ನುಂಗಬೇಕು? ಮೀನು ತಿನ್ನುವವರಾದರೆ ವಾರಕ್ಕೆರಡು ಸಲ ಬಂಗುಡೆಯೋ ಬೂತಾಯಿಯೋ ತಿನ್ನಿ. ಕ್ಯಾಪ್ಸೂಲಿಗಿಂತ ರುಚಿಯಂತೂ ಜಾಸ್ತಿ.

ಪ್ರೋಬಯಾಟಿಕ್‌ಗೂ ಲೆಕ್ಕವನ್ನೇ ಮುಂದಿಡುತ್ತೇನೆ. ಕೊಲೈಟಿಸ್ ಇರುವವರಿಗೆ ಪ್ರೋಬಯಾಟಿಕ್ ಕೆಲಸ ಮಾಡಿತು ಎಂದು ತೋರಿಸಿದ ಒಳ್ಳೆಯ ಪ್ರಯೋಗಗಳಲ್ಲಿ ಒಂದು ನಮ್ಮ ದೇಶದ್ದೇ. ಲುಧಿಯಾನದ ವೈದ್ಯರು ಮುಂದೆ ನಿಂತು ಮಾಡಿದ್ದು, 147 ರೋಗಿಗಳು, 2009ರಲ್ಲಿ ಪ್ರಕಟವಾಯಿತು. ಕೊಟ್ಟ ಡೋಸ್ ಒಂದು ಹೊತ್ತಿಗೆ 3.6 ಲಕ್ಷ ಕೋಟಿ ಬ್ಯಾಕ್ಟೀರಿಯಾ, ದಿನಕ್ಕೆ ಎರಡು ಹೊತ್ತು. ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲಿನ ಮೇಲೆ '5 ಬಿಲಿಯನ್' ಎಂದು ಇರುತ್ತದೆ. ಅಂದರೆ 500 ಕೋಟಿ. ಆ ಪ್ರಯೋಗದ ಒಂದು ಹೊತ್ತಿನ ಡೋಸಿಗೆ ಇಂಥ 720 ಕ್ಯಾಪ್ಸೂಲ್ ಬೇಕು! ಅದೂ ಕಾಯಿಲೆ ಇದ್ದವರಿಗೆ, ಬೇರೆ ಔಷಧಿ ಜೊತೆಗೆ. ಅಮೆರಿಕದ ಜಠರ-ಕರುಳಿನ ತಜ್ಞರ ಸಂಘ 2020ರಲ್ಲಿ ಸ್ಪಷ್ಟವಾಗಿ ಹೇಳಿತು: ಕ್ರೋನ್ಸ್‌ಗಾಗಲಿ ಕೊಲೈಟಿಸ್‌ಗಾಗಲಿ ಪ್ರೋಬಯಾಟಿಕ್ ಬಳಸುವುದು ಪ್ರಯೋಗಗಳೊಳಗೆ ಮಾತ್ರ ಇರಲಿ ಎಂದು. ಮೊಸರು ಅನ್ನ ತಿನ್ನಿ, ಬೇಡ ಅನ್ನಲ್ಲ. ಮಜ್ಜಿಗೆ ಹುಳಿ ಕುದಿಸಿದರೆ, ಇಡ್ಲಿ ಬೇಯಿಸಿದರೆ ಅದರಲ್ಲಿನ ಬ್ಯಾಕ್ಟೀರಿಯಾ ಸತ್ತಿರುತ್ತವೆ, ಅದೂ ಗೊತ್ತಿರಲಿ. 'ಇಡ್ಲಿ ಪ್ರೋಬಯಾಟಿಕ್' ಎಂದು ವಾಟ್ಸಾಪಿನಲ್ಲಿ ಬಂದದ್ದನ್ನು ನನಗೇ ಕಳಿಸಿದವರಿದ್ದಾರೆ.

ಈಗ ಅರಿಶಿನ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಿಮ್ಮ ಪಟ್ಟಿಯಲ್ಲಿ ನನಗೆ ನಿಜಕ್ಕೂ ಆತಂಕ ತಂದದ್ದು ಇದೇ.

ಅರಿಶಿನದಲ್ಲಿರುವ ಕರ್ಕ್ಯುಮಿನ್ ದಂಡದ ವಸ್ತು ಅಲ್ಲ. 2015ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಕೊಲೈಟಿಸ್ ಸಾಧಾರಣ ಮಟ್ಟದಲ್ಲಿದ್ದ 50 ಜನ ಇದ್ದರು. ಮೆಸಲಮಿನ್ ಜೊತೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಪಡೆದ 26 ಜನರಲ್ಲಿ 14 ಮಂದಿಗೆ ಒಂದು ತಿಂಗಳಲ್ಲಿ ಕಾಯಿಲೆ ತಣ್ಣಗಾಯಿತು. ಹುಸಿ ಮಾತ್ರೆ ಪಡೆದ 24 ಜನರಲ್ಲಿ ಒಬ್ಬರಿಗೂ ಆಗಲಿಲ್ಲ. ದೆಹಲಿಯ ಏಮ್ಸ್ ವೈದ್ಯರು ದಿನಕ್ಕೆ 450 ಮಿಲಿಗ್ರಾಂ ಕೊಟ್ಟು ನೋಡಿದಾಗ, 2017ರ ವರದಿಯಂತೆ, ಏನೂ ಪ್ರಯೋಜನ ಕಾಣಲಿಲ್ಲ. ಅಂದರೆ ಡೋಸ್ ಮುಖ್ಯ. ಅಡುಗೆಮನೆಯ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. 3 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ 100 ಗ್ರಾಂ ಅರಿಶಿನ, ಅಂದರೆ ಅಂಗಡಿಯ ಒಂದು ಪೂರಾ ಪ್ಯಾಕೆಟ್, ದಿನಾ ತಿನ್ನಬೇಕು. ಸಾರಿಗೆ ಹಾಕುವ ಚಿಟಿಕೆಗೂ ಈ ಪ್ರಯೋಗಕ್ಕೂ ಸಂಬಂಧ ಇಲ್ಲ. 'ನಮ್ಮ ಅಜ್ಜಿಗೆ ಗೊತ್ತಿತ್ತು' ಅನ್ನುವ ಜಾಹೀರಾತು ನೋಡಿದಾಗ ನನಗೆ ನಗು ಬರುತ್ತದೆ. ಅಜ್ಜಿ ಹಾಕುತ್ತಿದ್ದದ್ದು ಚಿಟಿಕೆ.

ಇದೆಲ್ಲ ಕಾಯಿಲೆ ಇದ್ದವರ ಮಾತು. ಅರಿಶಿನದ ಮಾತ್ರೆ ನುಂಗಿ ಐಬಿಡಿ ಬರದಂತೆ ತಡೆದ ಪುರಾವೆ ಎಲ್ಲೂ ಇಲ್ಲ. ಬದಲಿಗೆ ಲಿವರ್‌ಗೆ ಪೆಟ್ಟು ಬಿದ್ದ ಪುರಾವೆ ಇದೆ. ಕರ್ಕ್ಯುಮಿನ್ ಸುಲಭವಾಗಿ ರಕ್ತಕ್ಕೆ ಇಳಿಯುವುದಿಲ್ಲ. ಅದಕ್ಕೇ ಕಂಪನಿಗಳು ಕಾಳುಮೆಣಸಿನ ಪೈಪರಿನ್ ಸೇರಿಸುತ್ತವೆ. ಆಗ ರಕ್ತಕ್ಕೆ ಸೇರುವುದು ಎಷ್ಟೋ ಪಟ್ಟು ಹೆಚ್ಚುತ್ತದೆ, ಅಪಾಯವೂ ಬೆನ್ನಿಗೇ ಬರುತ್ತದೆ. ಅಮೆರಿಕದಲ್ಲಿ ಔಷಧಿಗಳಿಂದಾಗುವ ಲಿವರ್ ಹಾನಿಯನ್ನು ದಾಖಲಿಸುವ ವೈದ್ಯರ ಜಾಲ 2022ರಲ್ಲಿ ಅರಿಶಿನದ ಮಾತ್ರೆಯಿಂದಾದ 10 ಪ್ರಕರಣಗಳನ್ನು ವರದಿ ಮಾಡಿತು. 5 ಜನ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ಹೊರಡಿಸಿದರು. ಅಪರೂಪದ ತೊಂದರೆ, ಒಪ್ಪುತ್ತೇನೆ. ಆದರೆ ಲಾಭ ಸೊನ್ನೆ ಇರುವ ಕಡೆ ಅಪರೂಪದ ಅಪಾಯ ಕೂಡ ದುಬಾರಿಯೇ ಅಲ್ವಾ? ಈ ಡಬ್ಬಿಯನ್ನು ಇವತ್ತೇ ಬಿಡಿ. ಮೂತ್ರ ಗಾಢ ಹಳದಿ ಆದರೆ, ಊಟ ಸೇರದೆ ವಾಕರಿಕೆ ಇದ್ದರೆ, ಲಿವರ್ ಟೆಸ್ಟ್ ಮಾಡಿಸಿ.

'ನೈಸರ್ಗಿಕ' ಅನ್ನುವ ಪದವೇ ಜನರ ಬಾಯಿ ಕಟ್ಟುತ್ತದೆ. ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆ ಗೊತ್ತಲ್ಲ, ಕೊಡಗಿನ ಕಾಚಂಪುಳಿ ಮಾಡುವ ಹಣ್ಣು. ಪಂದಿ ಕರಿಗೆ ಒಂದೆರಡು ಚಮಚ ಹಾಕಿ ತಲೆಮಾರುಗಳಿಂದ ತಿಂದಿದ್ದಾರೆ, ಯಾರಿಗೂ ಏನೂ ಆಗಲಿಲ್ಲ. ಅದೇ ಹಣ್ಣಿನ ಸಿಪ್ಪೆಯ ಸತ್ವ ಗಾರ್ಸಿನಿಯಾ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಹೋದಾಗ ಲಿವರ್ ಹಾನಿಯ ವರದಿಗಳು ಬಂದವು. ಜಪಾನಿನಲ್ಲಿ ನೀಲಿ ಗಿಡದ ಪುಡಿ ಕೊಲೈಟಿಸ್‌ಗೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಅದನ್ನು ತಾವಾಗಿಯೇ ತಗೊಂಡವರೊಬ್ಬರಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿದ್ದು ಗೊತ್ತಾಗಿ, ನಡೆಯುತ್ತಿದ್ದ ಪ್ರಯೋಗವನ್ನೇ ಮಧ್ಯದಲ್ಲಿ ನಿಲ್ಲಿಸಿದರು.

ಕೆಲವು ಡಬ್ಬಿಗಳು ಐಬಿಡಿ ತರುವುದಿಲ್ಲ, ಅದರ ವೇಷ ಹಾಕುತ್ತವೆ. ಹಿಂದೊಮ್ಮೆ ಒಬ್ಬರು ಬಂದಿದ್ದರು, ನಲವತ್ತರ ಆಸುಪಾಸು. ದಿನಕ್ಕೆ ಐದಾರು ಸಲ ಭೇದಿ, ಎರಡು ತಿಂಗಳಿಂದ. ಕೊಲೈಟಿಸ್ ಎಂದು ತಾವೇ ತೀರ್ಮಾನಿಸಿಕೊಂಡಿದ್ದರು. 'ಔಷಧಿ ಏನಾದರೂ ತಗೊಳ್ತೀರಾ?' ಅಂದೆ. 'ಏನೂ ಇಲ್ಲ ಡಾಕ್ಟ್ರೇ.' 'ವಿಟಮಿನ್ನು, ಪುಡಿ, ಕಷಾಯ?' ಪಕ್ಕದಲ್ಲಿದ್ದ ಹೆಂಡತಿ ಕೈಚೀಲವನ್ನು ಮೇಜಿನ ಮೇಲೆ ಸುರಿದರು. ಏಳು ಡಬ್ಬಿ. ಅಕ್ಷರ ಎಷ್ಟು ಸಣ್ಣದು ಅಂದರೆ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಿದೆ. 'ಹೊಟ್ಟೆ ಶುದ್ಧಿ' ಪುಡಿಯಲ್ಲಿ ಸೋನಾಮುಖಿ. ನಿದ್ದೆಗೆಂದು ತಗೊಳ್ಳುತ್ತಿದ್ದದ್ದರಲ್ಲಿ ಮೆಗ್ನೀಷಿಯಂ. ಸಕ್ಕರೆ ಇಲ್ಲದ ಗಮ್ಮಿಯಲ್ಲಿ ಸಾರ್ಬಿಟಾಲ್. ಮೂರೂ ಭೇದಿ ಮಾಡಿಸುವಂಥವೇ. ಎಲ್ಲಾ ನಿಲ್ಲಿಸಿ ಎರಡು ವಾರ ಬಿಟ್ಟು ಬನ್ನಿ ಅಂದೆ. ಕ್ಯಾಮೆರಾ ಬಿಟ್ಟು ದೊಡ್ಡ ಕರುಳು ನೋಡುವ ಕೊಲೊನೊಸ್ಕೋಪಿ ಬೇಕಾಗಲೇ ಇಲ್ಲ.

ನಿಮ್ಮ ಪ್ರೋಟೀನ್ ಪೌಡರ್ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಡಬ್ಬಿ ತಿರುಗಿಸಿ ಐಎನ್‌ಎಸ್ (ತಿನಿಸಿಗೆ ಬೆರೆಸುವ ಪದಾರ್ಥಗಳ ನಂಬರು) 466, 433, 407 ಇವೆಯಾ ನೋಡಿ. ಪುಡಿ ಗಂಟುಕಟ್ಟದೆ ನುಣ್ಣಗೆ ಕರಗಲಿ, ಮಂದವಾಗಿರಲಿ ಎಂದು ಹಾಕುವ ಪದಾರ್ಥಗಳಿವು. ಮೊದಲ ಎರಡನ್ನು ಇಲಿಗಳಿಗೆ ಕೊಟ್ಟಾಗ ಕರುಳಿನ ಒಳಗೋಡೆಯನ್ನು ಕಾಯುವ ಲೋಳೆಪದರಕ್ಕೆ ತೊಂದರೆಯಾಗಿ ಉರಿಯೂತ ಬಂದದ್ದು 2015ರಲ್ಲಿ ಪ್ರಕಟವಾಯಿತು. ಇಲಿಗೆ ಆದದ್ದು ಮನುಷ್ಯನಿಗೆ ಆಗಲೇಬೇಕೆಂದಿಲ್ಲ. ಆದರೆ 21 ದೇಶಗಳ 1,16,087 ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದ ಪ್ಯೂರ್ ಅಧ್ಯಯನ ಅದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಭಾರತವೂ ಅದರಲ್ಲಿತ್ತು, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ಒಂದು ಕೇಂದ್ರ. ಚಿಪ್ಸ್, ಬಿಸ್ಕತ್ತು, ಕೂಲ್‌ಡ್ರಿಂಕ್ಸ್‌ನಂಥ ಕಾರ್ಖಾನೆ ತಿನಿಸನ್ನು ದಿನಕ್ಕೆ ಐದು ಸಲ ಅಥವಾ ಅದಕ್ಕೂ ಹೆಚ್ಚು ತಿಂದವರಿಗೆ, ದಿನಕ್ಕೆ ಒಂದು ಸಲಕ್ಕಿಂತ ಕಮ್ಮಿ ತಿಂದವರಿಗಿಂತ ಐಬಿಡಿ ಅಪಾಯ 1.82 ಪಟ್ಟು ಇತ್ತು. ಆದರೂ ಅಷ್ಟು ಜನರಲ್ಲಿ ಐಬಿಡಿ ಬಂದದ್ದು 467 ಮಂದಿಗೆ. ಸಾವಿರಕ್ಕೆ ನಾಲ್ಕು. ಭಯ ಬೀಳುವ ಮುಂಚೆ ಇದನ್ನೂ ಓದಿಕೊಳ್ಳಿ.

ಡಬ್ಬಿ ಬಿಟ್ಟು ಬೇರೇನು ಮಾಡಬಹುದು? ಸಿಗರೇಟ್ ಇದ್ದರೆ ಬಿಡಿ, ಕ್ರೋನ್ಸ್‌ಗೆ ಅದು ನೇರ ನಂಟು. ಸೊಂಟನೋವು ತಲೆನೋವು ಅಂತ ಬ್ರೂಫೆನ್ ಥರದ ಮಾತ್ರೆ ಪದೇ ಪದೇ ನುಂಗಬೇಡಿ. ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ಕೇಳಿ ಪಡೆಯಬೇಡಿ. ಹಣ್ಣು ತಿನ್ನಿ. ಆ ನರ್ಸ್‌ಗಳ ಅಧ್ಯಯನದಲ್ಲೇ, ದಿನಕ್ಕೆ ಸುಮಾರು 24 ಗ್ರಾಂ ನಾರು ತಿನ್ನುತ್ತಿದ್ದ ಗುಂಪಿಗೆ, ತೀರಾ ಕಮ್ಮಿ ತಿನ್ನುವವರಿಗಿಂತ ಕ್ರೋನ್ಸ್ ನೂರಕ್ಕೆ 40ರಷ್ಟು ಕಡಿಮೆ ಎಂದು 2013ರಲ್ಲಿ ಬಂತು. ಲಾಭ ಎದ್ದು ಕಂಡದ್ದು ಹಣ್ಣಿನ ನಾರಿನಲ್ಲಿ. ಜಿಂಕ್‌ದೂ ಇದೇ ಕಥೆ, ಊಟದಲ್ಲಿ ಬಂದ ಜಿಂಕ್‌ಗೆ ನಂಟು ಗಟ್ಟಿ, ಮಾತ್ರೆಯದಕ್ಕೆ ಸಡಿಲ. ನಾನು ಮೊದಲು ಹೇಳಿದ ಅನುಮಾನ ಇವಕ್ಕೂ ಅನ್ವಯಿಸುತ್ತದೆ. ಆದರೆ ಪೇರಲೆ ಹಣ್ಣು ತಿಂದರೆ ಲಿವರ್ ಕೆಡುವುದಿಲ್ಲ.

ನಿಮ್ಮ ತಮ್ಮನ ಲೆಕ್ಕ ಪೂರ್ತಿ ಬೇರೆ. ಅವರಿಗೆ ಕೆಲವು ವಿಟಮಿನ್‌ಗಳು ಚಿಕಿತ್ಸೆಯ ಭಾಗವೇ. ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟಿದ್ದರೆ ಅಥವಾ ಕತ್ತರಿಸಿ ತೆಗೆದಿದ್ದರೆ ಬಿ12 ಹೀರಿಕೊಳ್ಳುವುದಿಲ್ಲ, ಇಂಜೆಕ್ಷನ್ ಬೇಕಾಗಬಹುದು. ಸ್ಟೀರಾಯ್ಡ್ ಇರುವಾಗ ಕ್ಯಾಲ್ಸಿಯಂ ಮತ್ತು ಡಿ ಬೇಕು. ರಕ್ತ ಕಮ್ಮಿ ಇದ್ದು ಕಾಯಿಲೆ ಜೋರಾಗಿದ್ದರೆ ಕಬ್ಬಿಣದ ಮಾತ್ರೆಗಿಂತ ಡ್ರಿಪ್ ವಾಸಿ. ಮಾತ್ರೆ ಹೊಟ್ಟೆಗೆ ಆಗಿಬರದಿರಬಹುದು, ಜೊತೆಗೆ ಮಲ ಕಪ್ಪಾಗಿ ಇದು ರಕ್ತವೋ ಕಬ್ಬಿಣವೋ ಎಂದು ಎಲ್ಲರೂ ಗಾಬರಿ. ಇವನ್ನೆಲ್ಲ ಅವರ ಡಾಕ್ಟರು ಅಳೆದು ಕೊಡಲಿ. ನಿಮ್ಮ ಉಳಿದ ಡಬ್ಬಿಗಳನ್ನು ದಂಡ ಆಗುತ್ತದಲ್ಲ ಅಂತ ಅವರಿಗೆ ದಾಟಿಸಬೇಡಿ.

ನಿಮಗೆ ಸದ್ಯ ತೊಂದರೆ ಏನೂ ಇಲ್ಲದಿದ್ದರೆ ಪರೀಕ್ಷೆಯೂ ಬೇಡ. ನಾಲ್ಕು ವಾರ ಮೀರಿದ ಭೇದಿ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ. ಗುದದ ಪಕ್ಕ ಕೀವು ಬರುವ ಗುಳ್ಳೆಯನ್ನು 'ಮೂಲವ್ಯಾಧಿ' ಅಂತ ಅಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ, ಅದು ಕ್ರೋನ್ಸ್‌ನ ಮೊದಲ ಗುರುತೂ ಆಗಿರಬಹುದು. ಮೊದಲ ಹೆಜ್ಜೆಗೆ ಕೊಲೊನೊಸ್ಕೋಪಿಯೇ ಆಗಬೇಕೆಂದಿಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪರೀಕ್ಷೆ ಇದೆ, ಕರುಳಿನಲ್ಲಿ ಉರಿಯೂತ ಇದ್ದರೆ ಅದು ಏರುತ್ತದೆ. ನೋವಿನ ಮಾತ್ರೆ ನುಂಗಿದ್ದರೂ ಅದು ಸುಳ್ಳುಸುಳ್ಳೇ ಏರಬಹುದು. ಹಾಗಾಗಿ ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಬ್ರೂಫೆನ್, ಡೈಕ್ಲೊಫೆನಾಕ್ ನುಂಗಿದ್ದರೆ ಡಾಕ್ಟರಿಗೆ ಹೇಳಿ. ಹೋಗುವಾಗ ಡಬ್ಬಿಗಳ ಚೀಲವೂ ಜೊತೆಗಿರಲಿ.